ಕಾಕಾನ ಹಾಯಿ, ಚಿಗವ್ವನ ಗಾಳಿ

ಗಾಳಿಗೂ ಕಾಯಿದೆ ಕಲಿಸುವವರು ಸಿಂಧನೂರಿನಲ್ಲಿ ಯಾರಾದರೂ ಇದ್ದರೆ ಅವರು ನಮ್ಮ ಕಾಕಾ! ಫೌಜಿನಲ್ಲಿದ್ದಾಗ ಹಾಯಿದೋಣಿ ಪಂದ್ಯದ ಹುಚ್ಚು ಹಿಡಿಸಿಕೊಂಡವರು, ನಿವೃತ್ತರಾದಾಗ ಹಳೆಯ ಪುಟ್ಟ ದೋಣಿಯೊಂದನ್ನು ಲಾರಿಯಲ್ಲಿ ಹೇರಿಸಿಕೊಂಡೇ ಬಂದರು. ಊರಿಗೆ ಕಾಲುವೆ ಇದೆಯಲ್ಲ ಎನ್ನುತ್ತೀರಾ? ಹಾಯಿ ಏರಿಸಿದ ದೋಣಿ ಅದರ ಸೇತುವೆಗಳ ಕೆಳಗೆ ನುಸುಳೀತೇ? ಹಾಗಾಗಿ ಅದು ನಮ್ಮ ಅಂಗಳದಲ್ಲಿ, ಒಣಗಲು ಹರವಿದ ಭತ್ತದ ನಡುವೆ ನಿಂತಿರುತ್ತದೆ. ವರ್ಷಕ್ಕೊಮ್ಮೆ ಹೈದರಾಬಾದಿನ ಕೆರೆಯಲ್ಲಿ ಪಂದ್ಯವಾದಾಗ ಮಾತ್ರ ನೀರು ಕಾಣುತ್ತದೆ.

ಹೋದ ವರ್ಷ ಕಾಕಾಗೆ ಲಕ್ವಾ ಹೊಡೆದು ಬಲಗೈ ಸೋತಿತು. ಇನ್ನು ದೋಣಿಯ ಕಥೆ ಮುಗಿಯಿತು ಅಂದುಕೊಂಡೆವು. ಅವರೋ, "ಎಡಗೈ ಐತಲ್ಲೋ!" ಎಂದರು.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಒಂದು ಶರತ್ತು ಹಾಕಿದಳು. ಹಾಯಿಯ ತಳದ ಅಡ್ಡಗೋಲನ್ನು ಕೆಳಕ್ಕೆ ಜಗ್ಗಿ ಹಿಡಿಯುವ ಹಗ್ಗ ಒಂದಿದೆ. ಬಿರುಗಾಳಿಯಲ್ಲಿ ಅದು ಬಿಗಿಯಾಗದಿದ್ದರೆ ದೋಣಿ ಮಗುಚುತ್ತದೆ.

"ಆ ಹಗ್ಗ ಒಂದ ಕೈಲೆ ಜಗ್ಗಿ ತೋರಸ್ರಿ, ಆಮ್ಯಾಲ ಹೋಗ್ರಿ. ಆಗಲಿಲ್ಲಂದ್ರ ಈ ದೋಣ್ಯಾಗ ನಾ ಮೆಣಸಿನಕಾಯಿ ಒಣಗಸ್ತೀನಿ!"

ಜಗ್ಗುವುದು ಹಗುರಾಗಲೆಂದು ನಾನು ಅಕ್ಕಿ ಗಿರಣಿಯಿಂದ ಎರಡು ರಾಟೆ ತಂದೆ. ಕಾಕಾ ಕಳ್ಳಮಾಲು ಕಂಡವರಂತೆ ನೋಡಿದರು.

"ಪಂದ್ಯದ ಕಾಯಿದಿ ಪ್ರಕಾರ ಇದ್ದಷ್ಟ ರಾಟಿ. ಹೆಚ್ಚಿಂದು ಒಂದೂ ನಡಿಯಂಗಿಲ್ಲ."

"ಯಾರು ನೋಡ್ತಾರ ಕಾಕಾ?"

"ನಾ ನೋಡ್ತೀನಲ್ಲಲೇ!"

ಆದರೆ ಹಗ್ಗದಲ್ಲೇ ಕುಣಿಕೆ ಹಾಕಿ, ಅದರೊಳಗೆ ಅದೇ ಹಗ್ಗದ ತುದಿ ತೂರಿಸಿ ಜಗ್ಗಲು ಅಡ್ಡಿಯಿಲ್ಲವಂತೆ! ಕುಣಿಕೆಯೇ ರಾಟೆಯ ಕೆಲಸ ಮಾಡುತ್ತದೆ. ಅದಕ್ಕೆ ನುಣುಪಾದ, ಹಿಗ್ಗದ ಹಗ್ಗ ಬೇಕು. ಲಿಂಗಸುಗೂರಿನ ಅಂಗಡಿಗಳನ್ನೆಲ್ಲ ಜಾಲಾಡಿ ಮಸ್ಕಿಗೆ ಬಂದೆವು. ಅಲ್ಲಿ ಕಾಕಾ ಹಗ್ಗವನ್ನು ಅಂಗಡಿಯ ತೊಲೆಗೆ ಕಟ್ಟಿಸಿ, ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಜೋತುಬಿದ್ದೇ ಬಿಟ್ಟರು!

ಅಂಗಡಿಯವರು ಓಡಿ ಬಂದರು. "ಯಾ ಅಲ್ಲಾ! ಇಳೀರಿ ಸಾಹೇಬ್ರ, ನೋಡಿದ ಮಂದಿ ಏನಂತ ತಿಳಕೋಬೇಕು?"

"ಹಿಗ್ಗಂಗಿಲ್ಲ. ಕಟ್ಟಿ ಕೊಡ್ರಿ," ಎಂದರು ಕಾಕಾ, ತೂಗಾಡುತ್ತಲೇ.

ಆಮೇಲೆ ಎಡಗೈ, ಹಲ್ಲು, ಕಾಲ್ಬೆರಳು ಎಲ್ಲ ಸೇರಿ ಗಂಟು ಹಾಕತೊಡಗಿದವು. ನಾನು ಕೈ ಚಾಚಿದರೆ ಬೈಗುಳ. ಅಂತೂ ಪರೀಕ್ಷೆಯ ದಿನ ಬಂತು. ಅಂಗಳಕ್ಕೆ ಬಿರುಗಾಳಿ ಎಲ್ಲಿಂದ ತರುವುದು? ಚಿಗವ್ವನೇ ಗಾಳಿಯಾದಳು! ಅಡ್ಡಗೋಲನ್ನು ಮೇಲಕ್ಕೆತ್ತಿ ಹಿಡಿದು ನಿಂತಳು.

ಕಾಕಾ ಜಗ್ಗಿದರು. ಗೋಲು ಸರಕ್ಕನೆ ಇಳಿಯಿತು. ನಾನು ಚಪ್ಪಾಳೆ ತಟ್ಟಿದೆ. ಕಾಕಾ ಚಿಗವ್ವನ ಮೇಲೆ ಕೆಂಡಾಮಂಡಲವಾದರು.

"ಏ, ನೀ ಬಿಟ್ಟಿ! ಗಾಳಿ ಹಂಗ ಬಿಡತೈತೇನು?"

ಚಿಗವ್ವ ತಲೆ ತಗ್ಗಿಸಿದಳು. "ನಿಮ್ಮ ಕೈ ನಡಗಾಕತ್ತಿತ್ರಿ..."

"ನಡಗಲಿ. ನೀ ಬಿಡಬ್ಯಾಡ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಲನ್ನು ಅವುಚಿ ಎತ್ತಿದಳು. ಈ ಸಲ ಅದು ಅಲುಗಲಿಲ್ಲ. ಕಾಕಾ ಕಾಲನ್ನು ದೋಣಿಯ ಅಂಚಿಗೆ ಒತ್ತಿ, ಹಲ್ಲು ಕಚ್ಚಿ ಜಗ್ಗಿದರು. ಕುಣಿಕೆಗಳೊಳಗಿಂದ ಹಗ್ಗ ಒಂದು ಗೇಣು ಬಂತು. ಮತ್ತೊಂದು ಗೇಣು. ಕೊನೆಗೆ ಗೋಲು ಚಿಗವ್ವನನ್ನೂ ಬಗ್ಗಿಸಿಕೊಂಡು ಕೆಳಗಿಳಿಯಿತು.

ಅವಳು ಭತ್ತದ ಮೇಲೆಯೇ ಕುಸಿದು ಅಳತೊಡಗಿದಳು. ನನಗೂ ಕಣ್ಣು ತುಂಬಿತು. ಕಾಕಾ ಗಾಬರಿಯಾಗಿ ಪಕ್ಕದಲ್ಲಿ ಕೂತರು. "ಯಾಕ, ಪೆಟ್ಟಾತೇನು?"

ಚಿಗವ್ವ ಅವರ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಇಲ್ರೀ. ಈ ಸಲ ನಾ ಬಿಟ್ಟಿದ್ದಿಲ್ಲ."