ಪೋರೂರಿನ ಕೆಂಪು ದೀಪದವರಿಗೆ ಒಂದು ಬಿನ್ನಹ

ಮಾನ್ಯರೇ,

ನಮ್ಮ ಹಜಾರದ ಗೋಡೆಯ ಮೇಲೆ, ಇಂಟರ್ನೆಟ್ ಪೆಟ್ಟಿಗೆಯ ಎಡತುದಿಯಲ್ಲಿ ವಿರಾಜಮಾನರಾಗಿ, ಸಂಪರ್ಕ ಕಡಿದಾಗ ಮಾತ್ರ ಬೆಳಗುವ ತಮಗೆ ಚೆನ್ನೈ ಪೋರೂರಿನ ಹಾಲಸಿದ್ದಪ್ಪನ ಶರಣು ಶರಣಾರ್ಥಿಗಳು. ಕಂಪನಿಯ ದೊಡ್ಡವರಿಗೇ ಬರೆಯಬಹುದಿತ್ತು. ಆದರೆ ಅವರು ನನ್ನ ಒಂಬತ್ತು ದೂರುಗಳನ್ನೂ 'ಪರಿಹರಿಸಲಾಗಿದೆ' ಎಂದು ಮುಚ್ಚಿಬಿಟ್ಟಿರುವುದರಿಂದ, ಇಡೀ ಸಂಸ್ಥೆಯಲ್ಲಿ ನಿಜ ಹೇಳುವ ಏಕೈಕ ಸಿಬ್ಬಂದಿಯಾದ ತಮಗೇ ನೇರವಾಗಿ ಬರೆಯುತ್ತಿದ್ದೇನೆ.

ಮೊದಲು ತಮ್ಮ ಸಮಯಪಾಲನೆಯನ್ನು ಕೊಂಡಾಡಬೇಕು. ನನ್ನ ಮಡದಿ ಜಯದೇವಿ ಚೆನ್ನೈಯಲ್ಲಿ ಬೆಳೆಯುತ್ತಿರುವ ನಮ್ಮವರ ಮಕ್ಕಳಿಗೆ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಪಾಠ ಹೇಳುತ್ತಾಳೆ. ವಾರವೆಲ್ಲ ನಾನು ಕೆಲಸಕ್ಕೆ ಬಾರದ ಕ್ರಿಕೆಟ್ ನೋಡುವಾಗ ತೆಪ್ಪಗಿರುವ ತಾವು, ಭಾನುವಾರ ಹತ್ತೂ ಐದಕ್ಕೆ ಸರಿಯಾಗಿ ಕಣ್ಣು ಬಿಡುತ್ತೀರಿ. ಎರಡು ತಿಂಗಳಲ್ಲಿ ಹನ್ನೊಂದು ಮಕ್ಕಳು ನಾಲ್ಕಾದರು. ಆ ನಾಲ್ವರೂ ಹೋದರೆ ಪಾಠ ನಿಂತಂತೆಯೇ. ನಿಂತರೆ ಜಯದೇವಿಯ ಮುಖ ನೋಡುವ ಧೈರ್ಯ ನನಗಂತೂ ಇಲ್ಲ.

ನಾವೂ ಕೈಕಟ್ಟಿ ಕೂರಲಿಲ್ಲ. ಪೆಟ್ಟಿಗೆ ಆರಿಸಿ ಮೂವತ್ತು ಎಣಿಸಿ ಹಚ್ಚಿದೆವು, ಕಂಪ್ಯೂಟರಿನ ಕೇಬಲ್ ಬದಲಿಸಿದೆವು, ಕೆಳಮನೆಯ ಪ್ರೇಮಮ್ಮನವರ ಮಾತಿಗೆ ಪೆಟ್ಟಿಗೆಯ ಮುಖವನ್ನು ಪೂರ್ವಕ್ಕೂ ತಿರುಗಿಸಿದೆವು. ಹೊರಗಿನಿಂದ ಪೆಟ್ಟಿಗೆಗೆ ಬರುವ ಗಾಜಿನೆಳೆಯ ಫೈಬರ್ ತಂತಿಯ ಪಿನ್ನನ್ನು ಕಿತ್ತು ಮತ್ತೆ ಸಿಕ್ಕಿಸಿ ಎಂದು ಕಸ್ಟಮರ್ ಕೇರಿನ ಹೆಣ್ಣುಮಗಳು ಅಪ್ಪಣೆ ಕೊಡಿಸಿದ್ದನ್ನು ಜಯದೇವಿ ವಾರವಾರವೂ ಶ್ರದ್ಧೆಯಿಂದ ಪಾಲಿಸಿದಳು.

ಇಲ್ಲೊಂದು ತಪ್ಪೊಪ್ಪಿಗೆಯಿದೆ. ಆಯುಧಪೂಜೆಯಂದು ಮಿಕ್ಸಿ, ವಾಷಿಂಗ್ ಮಷೀನುಗಳ ಜೊತೆ ತಮ್ಮ ಪೆಟ್ಟಿಗೆಗೂ ವಿಭೂತಿ ಹಚ್ಚಿದ್ದೆವು. ತಾವು ಉರಿಯತೊಡಗಿದ ಮೇಲೆ, ಪಾಠಕ್ಕೆ ವಿಘ್ನ ಬಾರದಿರಲೆಂದು ಜಯದೇವಿ ಭಾನುವಾರದ ಪೂಜೆ ಮುಗಿಸಿ ಪೆಟ್ಟಿಗೆಗೆ ಮೂರು ಬೆರಳೆಳೆದು, ಅದೇ ಬೆರಳುಗಳಲ್ಲಿ ಪಿನ್ ಕಿತ್ತು ಸಿಕ್ಕಿಸುತ್ತಿದ್ದಳು; ತಾವು ಹೆಚ್ಚು ಉರಿದಷ್ಟೂ ಅವಳು ಹೆಚ್ಚು ಹಚ್ಚಿದಳು. ಕಳೆದ ಬುಧವಾರ ಕಂಪನಿಯ ಸುರೇಶ್ ಬಂದವನು ಪಿನ್ ಸಿಕ್ಕಿಸುವ ರಂಧ್ರಕ್ಕೆ ಟಾರ್ಚ್ ಬಿಟ್ಟು, "ಸಾರ್, ಉಳ್ಳೆ ಪೂರಾ ವಿಭೂದಿ ಸಾರ್!" ಎಂದು ತಮಿಳಿನಲ್ಲಿ ಕೂಗಿ, ಒಳಗೆಲ್ಲ ವಿಭೂತಿಯೇ ತುಂಬಿರುವುದನ್ನು ತೋರಿಸಿ ಒರೆಸಿಕೊಟ್ಟ. ಕ್ರೋಂಪೇಟೆಯ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಎಲೆಕ್ಟ್ರಾನಿಕ್ಸ್ ಬೋಧಿಸಿದ ನಾನು ಆ ಹೊತ್ತಿಗೆ ಫ್ಯಾನ್ ನೋಡುತ್ತಿದ್ದೆ.

ಆದರೂ ಒಂದು ದೂರನ್ನು ಸತ್ತರೂ ಬಿಡಲಾರೆ. ಅಡ್ಯಾರಿನ ಮಂಜುನಾಥರ ಮಗಳು, ಎಂಟು ವರ್ಷದ ಗಗನಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ವರ್ಷವಿಡೀ ತಮಿಳಿನಲ್ಲೇ ಉತ್ತರಿಸಿದ ಮಗು. ಸುರೇಶ್ ಬರುವ ಹಿಂದಿನ ಭಾನುವಾರ ಅವಳು ತಾನಾಗಿಯೇ ಕೈಯೆತ್ತಿ "ಟೀಚರ್, ನನಗೆ..." ಎಂದಳು. ಕನ್ನಡ! ಜಯದೇವಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು, ತಾವು ಉರಿದಿರಿ. ಅಂದಿನಿಂದ ಅವಳು ರೊಟ್ಟಿ ಬಡಿಯುವಾಗಲೂ "ನನಗ ಕನ್ನಡ ಭಾಳ ಸೇರ್ತದ ಅನ್ಲಿಕ್ಕತ್ತಿತ್ತೇನೋ ಕೂಸು" ಎಂದು ತಾನೇ ಆ ವಾಕ್ಯ ಮುಗಿಸಿಕೊಳ್ಳುತ್ತಿದ್ದಾಳೆ.

ಆದ್ದರಿಂದ, ತಾವು ನುಂಗಿದ ಉಳಿದರ್ಧ ವಾಕ್ಯವು ತಂತಿಯ ಯಾವ ಮೂಲೆಯಲ್ಲಿದ್ದರೂ ಹುಡುಕಿಸಿ, ಧೂಳು ಕೊಡವಿ, ಬರುವ ಭಾನುವಾರ ಹತ್ತರೊಳಗೆ ನನ್ನ ಮಡದಿಗೆ ತಲುಪಿಸಬೇಕೆಂದು ಕೋರುತ್ತೇನೆ. ಸಿಗದಿದ್ದರೆ 'ಪರಿಹರಿಸಲಾಗಿದೆ' ಎಂಬ ಸಂದೇಶವನ್ನು ಮಾತ್ರ ದಯಮಾಡಿ ಕಳಿಸಬೇಡಿ.

ತಮ್ಮ ವಿಶ್ವಾಸಿ, ಈಗ ಕೈ ತೊಳೆದುಕೊಂಡೇ ಪೆಟ್ಟಿಗೆ ಮುಟ್ಟುವ
ಹಾಲಸಿದ್ದಪ್ಪ

ತಾ.ಕ.: ಪತ್ರ ಕಳಿಸುವಷ್ಟರಲ್ಲಿ ಭಾನುವಾರ ಬಂತು. ಇಡೀ ಗಂಟೆ ತಾವು ಒಮ್ಮೆಯೂ ಉರಿಯಲಿಲ್ಲ. ಗಗನಾ ಹೋದ ವಾರದ ಮಾತನ್ನು ಮೊದಲಿನಿಂದ ಹೇಳಿದಳು: "ಟೀಚರ್, ನನಗೆ ಈ ಕ್ಲಾಸು ಬೇಡ, ನಾನು ಆಟ ಆಡ್ಬೇಕು." ಒಂದಕ್ಷರವೂ ತುಂಡಾಗದೆ ಕೇಳಿಸಿತು. ಜಯದೇವಿ ಕಣ್ಣೊರೆಸಿಕೊಂಡು, "ನೋಡ್ರಿ, ಒಂದರೆ ತಮಿಳ ಶಬ್ದ ಇತ್ತೇನು?" ಎಂದು ನನ್ನನ್ನೇ ಕೇಳಿ, ಗಗನಾಳನ್ನು ಆಟಕ್ಕೆ ಬಿಟ್ಟು, ಉಳಿದ ಮೂವರಿಗೆ ಪಾಠ ಮುಂದುವರಿಸಿದಳು. ಎರಡು ತಿಂಗಳು ಬೇಡವೆಂದರೂ ಬಂದ ತಾವು, ಬೇಕಾಗಿದ್ದ ಆ ಹತ್ತು ಸೆಕೆಂಡು ಎಲ್ಲಿ ಹಾಳಾಗಿ ಹೋಗಿದ್ದಿರಿ, ಮಾನ್ಯರೇ?