ಮುಳುಗುವ ಮೊದಲು ಕಲೀರಿ ಅಂದರೆ

ಆಪತ್ತು ಹೇಳಿ ಕೇಳಿ ಬರುವುದಿಲ್ಲ ಅನ್ನುತ್ತಾರೆ. ನಮ್ಮ ಕಡೆ ಅದು ಪ್ರತಿ ವರ್ಷ ಹೇಳಿ ಕೇಳಿಯೇ ಬರುತ್ತಿತ್ತು, ನಮ್ಮ ಜನ ಮಾತ್ರ ಪ್ರತಿ ವರ್ಷ ಹೊಸದಾಗಿ ಬಾಯಿ ತೆರೆದು ನಿಲ್ಲುತ್ತಿದ್ದರು. ಎಂಬತ್ತರ ದಶಕದ ನಡುವಿನಿಂದ ಹದಿನೈದು ವರ್ಷ ನಾನು ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿದ್ದೆ. ಬೆಂಕಿ ಆರಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ನೀರಿಗೆ ಬಿದ್ದವರನ್ನು ಎತ್ತುವುದು, ಇವನ್ನು ಜನರಿಗೆ ಕಲಿಸುವುದೇ ನನ್ನ ನೌಕರಿ. ಬೇಸಿಗೆಯಲ್ಲಿ ಕಬ್ಬು ನುರಿಸುವುದು ನಿಂತ ಮೇಲೆ ಸುತ್ತಿನ ತಾಲೂಕುಗಳ ಹಳ್ಳಿಗಳಿಗೂ ಕಳಿಸುತ್ತಿದ್ದರು. ಗಂಟಲು ಹರಿದುಕೊಂಡು ಕಲಿಸಿದೆ. ಏನು ಕಲಿತರು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ. ನಗುವವರು ನಗಲಿ, ನಾನಂತೂ ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಎಮ್ಮೆ ಕಲಿತ ಪಾಠ

ನೌಕರಿಗೆ ಸೇರಿದ ಹೊಸತು. ಕಬ್ಬಿನ ಹಂಗಾಮು ಆಗಷ್ಟೇ ಸುರುವಾಗಿತ್ತು. ಹಿಂಗಾರಿ ಮಳೆಗೆ ಹೊಳೆಯಲ್ಲಿ ಇನ್ನೂ ಸೆಳವಿತ್ತು. ದಂಡೆಯ ರಸ್ತೆಯಲ್ಲಿ ಕಬ್ಬು ಹೇರಿದ ನಲವತ್ತು ಚಕ್ಕಡಿ ಕಾರ್ಖಾನೆಯ ಪಾಳಿಗೆ ಕಾಯುತ್ತ ನಿಂತಿದ್ದವು. ಅಷ್ಟರಲ್ಲಿ ಎಮ್ಮೆ ಮೈ ತೊಳೆಯಲು ಇಳಿದಿದ್ದ ಒಬ್ಬನನ್ನು ಸೆಳವು ಎಳೆದುಕೊಂಡು ಹೋಯಿತು.

ನಾನು ಓಡಿ ಬಂದು ನೋಡಿದರೆ ದಂಡೆಯ ತುಂಬ ಜನ. ಎಲ್ಲರೂ ಉಪದೇಶ ಮಾಡುತ್ತಿದ್ದಾರೆ. "ಕೈ ಬಡೀಯೋ!" ಅಂತ ಒಬ್ಬ, "ಕಾಲ ಬಡೀಯೋ!" ಅಂತ ಇನ್ನೊಬ್ಬ. ಮತ್ತೊಬ್ಬ ಪುಣ್ಯಾತ್ಮ, "ಹೆದರಬ್ಯಾಡ, ನಾವದೀವಿ!" ಅನ್ನುತ್ತಿದ್ದಾನೆ. ಇದ್ದು ಏನು ಮಾಡಿದ ಹಾಗಾಯಿತು?

"ಹಗ್ಗ ಒಗೀರೋ!" ಎಂದು ಕೂಗಿದೆ.

"ಹಗ್ಗ ಎಲ್ಲೈತ್ರಿ?" ಅಂದರು.

ನಲವತ್ತು ಚಕ್ಕಡಿಗೂ ನಡು ಬಿಗಿದು ಹಗ್ಗ ಕಟ್ಟಿದ್ದಾರೆ! ತೋರಿಸಿದೆ. ಗಾಡಿಯವನೊಬ್ಬ ನನ್ನನ್ನೇ ಹುಚ್ಚನ ಹಾಗೆ ನೋಡಿದ. "ಅದು ಕಬ್ಬಿನ ಹಗ್ಗ ಐತ್ರಿ. ಬಿಚ್ಚಿದ್ರ ಕಬ್ಬ ಉದರತಾವ. ಮತ್ತ ಹೇರೂದ್ರಾಗ ನನ್ನ ಪಾಳಿ ಹೋಗತೈತಿ."

ಅವನನ್ನು ಆಚೆ ತಳ್ಳಿ ನಾನು ಗಂಟು ಬಿಚ್ಚುತ್ತಿರುವಾಗ, ಎಮ್ಮೆ ತನ್ನ ಪಾಡಿಗೆ ಈಜುತ್ತ ಮುಳುಗುತ್ತಿದ್ದವನ ಪಕ್ಕಕ್ಕೆ ಹೋಯಿತು. ಅವನು ಅದರ ಬಾಲ ಹಿಡಿದ. ಕೆಳಗಿನ ತಿರುವಿನಲ್ಲಿ ಇಬ್ಬರೂ ದಂಡೆಗೆ ಹತ್ತಿದರು. ಅಷ್ಟು ಜನರ ನಡುವೆ ತಲೆ ನೆಟ್ಟಗಿದ್ದದ್ದು ಅದೊಂದೇ ಪ್ರಾಣಿ. ನಾನು ಅಲ್ಲಿಯೇ ನಿಂತು, ನಾಳೆಯಿಂದ ಒಬ್ಬೊಬ್ಬರೂ ಬಂದು ಹಗ್ಗ ಒಗೆಯುವುದನ್ನು ಕಲಿಯಬೇಕು ಎಂದು ಬೈದೆ. ಗಾಡಿಯವನು ಸಮಾಧಾನದಿಂದ ಹೇಳಿದ: "ನಾವ್ಯಾಕ್ರಿ ಕಲೀಬೇಕು? ಎಮ್ಮಿ ಕಲತೈತಲ್ಲ."

ಸಾಯಲು ಯಾರೂ ತಯಾರಿಲ್ಲ

ಭೋಜದಲ್ಲಿ ಶಿಬಿರ. ಹೊಳೆಯ ಊರು, ಕಲಿಯುತ್ತಾರೆ ಎಂದು ಆಸೆಯಿಂದ ಹೋದೆ. ಜನವೂ ಸೇರಿತ್ತು. ಮುಳುಗಿ ಉಸಿರು ನಿಂತವನ ಎದೆ ಹೇಗೆ ಒತ್ತಬೇಕು ಎಂದು ತೋರಿಸಬೇಕಿತ್ತು. ಒಬ್ಬ ಗಟ್ಟಿಮುಟ್ಟಾದ ಆಳನ್ನು ಕಂಬಳಿಯ ಮೇಲೆ ಮಲಗಿಸಿ, "ತಿಳಕೊಳ್ರಿ, ಇವ ಹೊಳ್ಯಾಗ ಮುಳುಗ್ಯಾನ, ಉಸಿರು ನಿಂತೈತಿ" ಅಂದೆ.

ಅಷ್ಟು ಅಂದದ್ದೇ ತಡ, ಹೆಂಗಸರ ಗುಂಪಿನಿಂದ ಅವನ ಹೆಂಡತಿ ಎದ್ದು ಬಂದಳು. "ಯಾಂವಲೇ ಅಂವ, ನನ್ನ ಕುಂಕುಮದ ಮ್ಯಾಲ ಕಣ್ಣ ಹಾಕಿದಾಂವ? ಏಳ್ರಿ ನೀವು!" ಎಂದು ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಸರಿ, ಮದುವೆಯಾಗದವನೊಬ್ಬನನ್ನು ಮಲಗಿಸಿದೆ. ಅವನ ತಾಯಿ ಬಂದಳು. ಆಕೆ ಬೈದದ್ದನ್ನು ಬರೆಯಲು ಬರುವುದಿಲ್ಲ. ಕೊನೆಗೆ ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬ ಮುದುಕ ಎದ್ದು ನಿಂತ. "ನಾ ಮಲಗತೀನ್ರಿ. ಆದ್ರ ಉಸರ ನಿಂತವರಂಗ ಅಲ್ಲ. ಜ್ವರ ಬಂದವರಂಗ ಮಲಗತೀನಿ, ನಡೀತೈತೇನು?"

ನಡೆಯುವುದಿಲ್ಲ ಎಂದರೆ ಶಿಬಿರವೇ ಇಲ್ಲ. ಹಲ್ಲು ಕಚ್ಚಿಕೊಂಡು ಒಪ್ಪಿದೆ. ಊರೆಲ್ಲ ನೋಡುತ್ತಿರುವಾಗ ಜ್ವರದ ಮುದುಕನ ಎದೆಯ ಮೇಲೆ ಕೈಯಿಟ್ಟು, ಹೀಗೆ ಒತ್ತಬೇಕು, ಹೀಗೆ ಎಣಿಸಬೇಕು ಎಂದು ಕಲಿಸಿ ಬಂದೆ.

ಮರುವರ್ಷ ಹೋದಾಗ ಒಬ್ಬ ರೈತ ದಾರಿಯಲ್ಲೇ ನನ್ನನ್ನು ತಡೆದು ನಿಲ್ಲಿಸಿದ. "ನಿಮ್ಮ ವಿದ್ಯಾ ಸುಳ್ಳ ಐತ್ರಿ. ನಮ್ಮ ಮಾವಗ ಜ್ವರ ಬಂದಿತ್ತು. ನಾಕ ಮಂದಿ ಪಾಳಿ ಹಚ್ಚಿ ಎದಿ ಒತ್ತಿದ್ವಿ. ಜ್ವರ ಹೋಗಲಿಲ್ಲ. ಮಾವನೇ ಎದ್ದು ಓಡಿ ಹೋದ."

ಕೊಲ್ಲಾಪುರದ ಕೀಲಿಕೈ

ನಿಪ್ಪಾಣಿಯ ಒಂದು ತಂಬಾಕಿನ ಗೋದಾಮು. ಬೆಂಕಿಯ ಬಗ್ಗೆ ಹೇಳಿಕೊಡಲು ಕರೆಸಿದ್ದರು. ಗೋಡೆಗೆ ಸಾಲಾಗಿ ಕೆಂಪು ಬಕೀಟು, ಅವುಗಳ ತುಂಬ ಉಸುಕು. ಕಣ್ಣಿಗೆ ಹಬ್ಬ. ಭೇಷ್ ಎನ್ನಬೇಕೆಂದು ಹತ್ತಿರ ಹೋದರೆ, ಅಷ್ಟೂ ಬಕೀಟಿನ ಹಿಡಿಕೆಯೊಳಗೆ ಒಂದು ಸರಪಳಿ ಪೋಣಿಸಿ ಕೊನೆಗೆ ತೆಂಗಿನಕಾಯಿ ಗಾತ್ರದ ಕೀಲಿ ಜಡಿದಿದ್ದಾರೆ.

"ಇದೇನ್ರೀ?" ಎಂದು ಕಾರಕೂನನನ್ನು ಕೇಳಿದೆ.

"ಬಕೀಟು ಕಳುವಾಗತಾವ್ರಿ."

"ಕೀಲಿಕೈ?"

"ಶೇಟ್‌ಜೀ ಹಂತ್ಯಾಕ ಐತಿ. ಅವರು ಕೊಲ್ಲಾಪುರಕ್ಕ ಹೋಗ್ಯಾರ."

"ಈಗ ಬೆಂಕಿ ಹತ್ತಿದರೆ?"

"ಟ್ರಂಕ್ ಕಾಲ್ ಹಚ್ಚತೀವ್ರಿ. ಸಂಜಿ ಬಸ್ಸಿಗೆ ಕೀಲಿಕೈ ಬರತೈತಿ."

"ಅಲ್ಲೀತನಕ ಬೆಂಕಿ ಕಾಯ್ತದೇನ್ರೀ?" ಎಂದು ಚೀರಿದೆ.

ಅವನು ನನ್ನ ಅಜ್ಞಾನಕ್ಕೆ ಮರುಗಿದ. "ಕಾಯತೈತ್ರಿ. ತಂಬಾಕಿನ ಬೆಂಕಿ ಭಾಳ ನಿಧಾನ ಇರತೈತಿ."

ಮಡಕೆಯೊಳಗಿನ ರೋಗಿ

ತೆಲಸಂಗದಲ್ಲಿ ಕುರಿ ಕಾಯುವವರಿಗೆ ಹಾವು ಕಡಿತದ ಬಗ್ಗೆ ಹೇಳಿಕೊಟ್ಟಿದ್ದೆ. ಮಂತ್ರ ಹಾಕಿಸಬೇಡಿ, ಕೊಯ್ದು ರಕ್ತ ಬಿಡಬೇಡಿ, ತಡ ಮಾಡದೆ ಅಥಣಿಯ ದವಾಖಾನೆಗೆ ಬನ್ನಿ, ಹಾವು ಯಾವುದೆಂದು ದೂರದಿಂದ ನೋಡಿಟ್ಟುಕೊಳ್ಳಿ, ಡಾಕ್ಟರು ಕೇಳುತ್ತಾರೆ. ಇಷ್ಟೇ. ಇದರಲ್ಲಿ ತಪ್ಪು ತಿಳಿಯುವಂಥದ್ದು ಏನಿದೆ, ನೀವೇ ಹೇಳಿ.

ತಿಂಗಳೊಪ್ಪತ್ತಿನಲ್ಲಿ ನಾನು ಯಾವುದೋ ಕೆಲಸಕ್ಕೆ ಆ ದವಾಖಾನೆಗೇ ಹೋಗಿದ್ದೆ. ಬಸ್ಸಿಳಿದು ಇಬ್ಬರು ಕುರಿಗಾರರು ಬಂದರು. ಒಬ್ಬನ ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಡಕೆ.

"ನಮ್ಮ ಅಣ್ಣಗ ಹಾವ ಕಡದೈತ್ರಿ, ಲಗೂ ನೋಡ್ರಿ" ಅಂದರು.

ಡಾಕ್ಟರು ಗಡಬಡಿಸಿ ಎದ್ದರು. "ಎಲ್ಲಿದಾನೆ ಅವನು?"

"ಅಂವ ಅಡವ್ಯಾಗ ಅದಾನ್ರಿ. ಕುರಿ ಬಿಟ್ಟು ಹ್ಯಾಂಗ ಬರತಾನ? ಹಾವ ತಂದೀವಿ" ಎಂದು ಬಟ್ಟೆ ಬಿಚ್ಚಿದರು.

ಡಾಕ್ಟರು ಎಷ್ಟು ಬೇಗ ಎದ್ದಿದ್ದರೋ ಅದಕ್ಕಿಂತ ಬೇಗ ಮೇಜು ಹತ್ತಿದರು. ಪಾಳಿಯಲ್ಲಿ ಕೂತಿದ್ದ ರೋಗಿಗಳೆಲ್ಲ ಔಷಧವಿಲ್ಲದೆ ಗುಣವಾಗಿ ಬಯಲಿಗೆ ಓಡಿದರು. ಪುಣ್ಯಕ್ಕೆ ಅದು ಕೇರೆ ಹಾವು, ವಿಷವಿಲ್ಲದ್ದು. ಇಲ್ಲವಾದರೆ ಅವರ ಅಣ್ಣನ ಗತಿ? ಅದನ್ನು ಹಿಡಿಯಲು ಇವರು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಹುತ್ತ ಅಗೆದಿದ್ದರಂತೆ! ಬಸ್ಸಿನಲ್ಲಿ ಮೊಸರು ಎಂದು ಹೇಳಿ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರಂತೆ.

ನನಗೆ ತಡೆಯಲಾಗಲಿಲ್ಲ. "ನಾನು ಕಲಿಸಿದ್ದು ಇದನ್ನೇನ್ರೋ?" ಎಂದು ಮೈಮೇಲೆ ಹೋದೆ.

ಮಡಕೆಯವನೂ ಬಿಡಲಿಲ್ಲ. "ನೀವ ಅಂದಿದ್ರಿ, ಡಾಕ್ಟರು ಹಾವ ಯಾವದು ಅಂತ ಕೇಳ್ತಾರ ಅಂತ. ಮನಶ್ಯಾ ಯಾಂವ ಅಂತ ಕೇಳ್ತಾರ ಅಂತ ಹೇಳಿರಲಿಲ್ಲ."

ಹೆಸರು ಬರೆಸದೆ ಜೀಪಿಲ್ಲ

ಇದನ್ನು ಮಾತ್ರ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಜನ ನಗುತ್ತಾರೆ. ನಗುವ ಮಾತೇ ಅಲ್ಲ ಇದು.

ಕಾರ್ಖಾನೆಯಲ್ಲಿ ಆಪತ್ತಿಗೆಂದು ಒಂದು ಜೀಪಿತ್ತು. ಅದರಲ್ಲಿ ಹಗ್ಗ, ಏಣಿ, ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು ಸದಾ ತಯಾರು. ಸುತ್ತಿನವರೂ ಬಂದು ಕರೆಯಬಹುದಿತ್ತು. ಕರೆಯುತ್ತಲೂ ಇದ್ದರು. "ಬಾವ್ಯಾಗ ಬಿದ್ದೈತ್ರಿ" ಎಂದು ಅಳುತ್ತ ಬಂದರೆಂದು ಓಡಿದರೆ ಬಿದ್ದದ್ದು ಹಿತ್ತಾಳೆ ಕೊಡ. ಇನ್ನೊಮ್ಮೆ ಜೀಪು ಬಂದ ಮೇಲೆ, "ಹ್ಯಾಂಗೂ ಬಂದೀರಿ, ನಮ್ಮ ಬೀಗರನ್ನ ರಾಯಬಾಗ ಸ್ಟೇಶನ್ನಿಗೆ ಮುಟ್ಟಸ್ರಿ" ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗೇಟಿನ ವಾಚಮನ್ನನಿಗೆ ಕಟ್ಟುನಿಟ್ಟಾಗಿ ಹೇಳಿದೆ: ಬಿದ್ದವರ ಹೆಸರು ಪುಸ್ತಕದಲ್ಲಿ ಬರೆದುಕೊಳ್ಳದೆ ಜೀಪು ಬಿಟ್ಟರೆ ನಿನ್ನ ನೌಕರಿ ಹೋಯಿತೆಂದೇ ತಿಳಿ.

ಇದಾಗಿ ಹದಿನೈದು ದಿನ. ನನಗೆ ಮದುವೆಯಾಗಿ ಆರು ತಿಂಗಳು. ಕಾರ್ಖಾನೆಯ ಹಿಂದೆ, ಎರಡು ಫರ್ಲಾಂಗಿನಲ್ಲಿ ನಮ್ಮ ಹೊಲ. ಅವತ್ತು ನನಗೆ ರಜೆ, ಊರಲ್ಲಿ ಸಂತೆ. ಸುತ್ತಿನ ಹೊಲಗಳಲ್ಲಿ ನರಪಿಳ್ಳೆ ಇರಲಿಲ್ಲ. ಪಂಪಸೆಟ್ಟು ನೀರೆತ್ತುತ್ತಿಲ್ಲ ಎಂದು ಬಾವಿಗಿಳಿದೆ. ಸೊಂಟಕ್ಕೆ ಹಗ್ಗ ಕಟ್ಟದೆ ಬಾವಿಗಿಳಿಯಬಾರದು ಎಂದು ಊರೂರಿಗೆ ಸಾರಿದವನು ನಾನೇ, ಒಪ್ಪುತ್ತೇನೆ. ಆದರೆ ಅದು ಕಲಿಯುವವರಿಗೆ ಹೇಳುವ ಮಾತು. ಕೊನೆಯ ಮೆಟ್ಟಿಲಿನ ಪಾಚಿಗೆ ಕಾಲು ಜಾರಿತು. ಕಲ್ಲಿಗೆ ಬಡಿದು ಭುಜದ ಕೀಲು ತಪ್ಪಿತು. ಎರಡಾಳು ನೀರು. ಈಜು ಬರುತ್ತಿತ್ತು, ಒಂದೇ ಕೈಯಿಂದ ಈಜುವುದು ಬರುತ್ತಿರಲಿಲ್ಲ. ಇದ್ದೊಂದು ಕೈಯಿಂದ ಪಂಪಿನ ಪೈಪು ತಬ್ಬಿಕೊಂಡೆ.

ಬುತ್ತಿ ತಂದ ಹೆಂಡತಿ ಬಾವಿಯೊಳಗೆ ಬಗ್ಗಿ ನೋಡಿ ಕಿರುಚಿದಳು.

"ಅಳಬ್ಯಾಡ! ಗೇಟಿಗೆ ಓಡು! ಜೀಪ್ ತರಸು!" ಎಂದು ಕೂಗಿದೆ. ಓಡಿದಳು. ಅಲ್ಲಿ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು.

ವಾಚಮನ್ ಗಡಿಯಾಚೆಯ ಮರಾಠಿ ಮನುಷ್ಯ. ಆಕೆಯನ್ನು ಎಂದೂ ನೋಡಿದವನಲ್ಲ. "ಕಾಕಾ, ಜೀಪ್ ಬಿಡ್ರಿ, ಬಾವ್ಯಾಗ ಬಿದ್ದಾರ!" ಎಂದಳು. ಅವನು ಪುಸ್ತಕ ತೆಗೆದ.

"ಯಾರ ಬಿದ್ದಾರವ್ವ?"

"ಅವರು."

"ಅವರು ಅಂದ್ರ?"

"ನಮ್ಮ ಮನಿಯವರು."

"ಹೆಸರ ಹೇಳವ್ವ, ಬರಕೋಬೇಕು."

ಗಂಡನ ಹೆಸರು ಹೇಳುವುದುಂಟೆ? ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಹೆಂಗಸರ ನಂಬಿಕೆ. ನಾನು ಇಲ್ಲಿ ಉಳಿದಷ್ಟು ಆಯುಷ್ಯವನ್ನು ಒಂದು ಪೈಪಿಗೆ ನೇತು ಹಾಕಿದ್ದೇನೆ, ಆಕೆ ಅಲ್ಲಿ ಅದು ಕಡಿಮೆಯಾಗದಂತೆ ಕಾಯುತ್ತಿದ್ದಾಳೆ! ಇಂಥವನ ಅಪ್ಪ ಎನ್ನಲು ಇನ್ನೂ ಮಕ್ಕಳಿರಲಿಲ್ಲ. ಬರೆದು ತೋರಿಸಲು ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಕೊನೆಗೆ ಉಪಾಯ ಹೂಡಿದಳು: "ನಿಮ್ಮ ಕಾರ್ಖಾನ್ಯಾಗ ಮುಳುಗಿದವರನ್ನ ಎತ್ತೂದು ಕಲಸತಾರಲ್ರಿ, ಅವರು!"

ವಾಚಮನ್ ನಕ್ಕುಬಿಟ್ಟ. "ಅವರು ಎತ್ತವರವ್ವ, ಬೀಳವರಲ್ಲ. ಹೆಸರಿಲ್ಲದೆ ಜೀಪ್ ಬಿಡಬಾರದು ಅಂತ ಅವರ ಹುಕೂಮ ಐತಿ. ಬಿಟ್ರ ನನ್ನ ನೌಕರಿ ಹೋಗತೈತಿ."

ಇಲ್ಲಿ ನನ್ನ ಕೈ ಸೋಲುತ್ತಿದೆ. ನೀರು ಗದ್ದಕ್ಕೆ ಬಂದಿದೆ. ನನಗೆ ನಿಜವಾಗಿ ಭಯವಾಯಿತು.

ಅಲ್ಲಿ ಗೇಟಿನ ಮುಂದೆ ಕಬ್ಬಿನ ಗಾಡಿಗಳ ಹೆಂಗಸರು ಸೇರಿದರು. ಒಬ್ಬ ಮುದುಕಿ ದಾರಿ ತೋರಿಸಿದಳು: "ಒಡಪು ಹಾಕಿ ಹೇಳ ನನ್ನವ್ವ. ಒಡಪಿನ್ಯಾಗ ಹೇಳಿದ್ರ ದೋಷಿಲ್ಲ." ಮದುವೆಯಲ್ಲಿ ಹೊಸ ಮದುಮಗಳಿಂದ ಪದ ಕಟ್ಟಿಸಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಮರಾಠಿಯವರು ಉಖಾಣಾ ಅನ್ನುತ್ತಾರಲ್ಲ, ಅದೇ. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಿಂತ ನಿಲುವಿನಲ್ಲೇ ಕಟ್ಟಿ ಹೇಳಿದಳು:

"ಬಾವಿ ದಂಡೀಗೆ ಬಾಳೀಗಿಡ, ಬಾಳೀಗಿಡಕ್ಕ ಬಾಗಿದ ಗೊನಿ,
ಬಾವ್ಯಾಗ ಬಿದ್ದಾರ ಬಸಗೌಡ್ರು, ಕೇಳ್ರೆಪ್ಪೋ ನನ್ನ ದನಿ!"

ವಾಚಮನ್ ಹೆಸರು ಬರೆದುಕೊಂಡ. ಜೀಪು ಬಂತು. ಟ್ಯೂಬು ಇಳಿಸಿ ನನ್ನನ್ನು ಎತ್ತಿದಾಗ ನೀರು ಮೂಗಿಗೆ ಬಂದಿತ್ತು. ದಂಡೆಯ ಮೇಲೆ ಬಿದ್ದುಕೊಂಡು, ಉಸಿರು ತಿರುಗಿದ ಮೇಲೆ ವಾಚಮನ್ನನಿಗೆ ಬೈದೆ: "ಎರಡು ಫರ್ಲಾಂಗು ದಾರಿ! ಹೆಸರು ಹೇಳಿದ ಮೇಲೂ ಇಷ್ಟೊತ್ತು ಏನ್ ಮಾಡಿದ್ಯೋ?"

ಅವನು ಕೈ ಮುಗಿದ. "ಏನ್ ಹೇಳ್ಲಿ ಸಾಹೇಬ್ರ, ಬಾಯಿಸಾಹೇಬ್ರ ಉಖಾಣಾ ಭಾಳ ಝಕಾಸ್ ಇತ್ರಿ. ಹಿಂದ ನಿಂತವರಿಗೆ ಸರಿ ಕೇಳಸಲಿಲ್ಲ ಅಂದ್ರು, ಅದಕ್ಕ ಇನ್ನೊಮ್ಮೆ ಹೇಳಸಿದ್ವಿ."