ಎಡಗಾಲಿನ ವಿನಯ, ಬಲಗಾಲಿನ ವಿನಯ

ನಮ್ಮ ಗುರುದ್ವಾರದ ಆವರಣದಲ್ಲಿ ಅಹಂಕಾರವು ಸಂಪೂರ್ಣವಾಗಿ ನಿರ್ಮೂಲನವಾಗಿದೆ ಎಂದು ಆಡಳಿತ ಸಮಿತಿಯು ಸರ್ವಾನುಮತದಿಂದ ಘೋಷಿಸಿದೆ. ವಿರುದ್ಧವಾಗಿ ಒಂದು ಮತ ಬಿದ್ದಿತ್ತು. ಅದು ಅಹಂಕಾರದಿಂದ ಹಾಕಿದ ಮತವೆಂದು ತೀರ್ಮಾನವಾದ್ದರಿಂದ ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ಈ ಸಾಧನೆಯ ಹಿನ್ನೆಲೆ ಹೀಗಿದೆ. ಒಂದು ಭಾನುವಾರ ಗ್ರಂಥಿಗಳು, ಅಂದರೆ ನಮ್ಮಲ್ಲಿ ಪವಿತ್ರ ಗ್ರಂಥವನ್ನು ಓದಿ ಅರ್ಥ ಹೇಳುವ ಹಿರಿಯರು, 'ಹೌಮೈ' ಎಂದರೇನೆಂದು ವಿವರಿಸಿದರು. ಹೌಮೈ ಎಂದರೆ 'ನಾನು, ನಾನೇ' ಎನ್ನುವ ಬುದ್ಧಿ. ಅದು ಮನುಷ್ಯನಿಗೂ ದೇವರಿಗೂ ನಡುವೆ ಗೋಡೆಯಾಗಿ ನಿಲ್ಲುವ ಹಳೆಯ ಕಾಯಿಲೆ, ಆದರೆ ಅದರ ಮದ್ದೂ ಅದರೊಳಗೇ ಇದೆ ಎಂದರು. "ಬಂದವರ ಚಪ್ಪಲಿ ಒರೆಸಿ. ಎಂಜಲು ತಟ್ಟೆ ತೊಳೀರಿ. ಎಲ್ಲರ ಜೊತೆ ನೆಲದ ಮೇಲೆ ಕೂತು ಊಟ ಮಾಡಿ. ಮಾಡಿದ್ದನ್ನ ಯಾರಿಗೂ ಹೇಳ್ಕೋಬೇಡಿ," ಎಂದರು. ಇವುಗಳಲ್ಲಿ ಕೊನೆಯದನ್ನು ಸಮಿತಿಯು ಸಲಹೆಯೆಂದು ಮಾತ್ರ ಪರಿಗಣಿಸಿತು.

ಅಂದು ಮಧ್ಯಾಹ್ನವೇ ಸಭೆ ಸೇರಿತು. ನಮ್ಮ ಅಧ್ಯಕ್ಷರದು ಟೈರ್ ವ್ಯಾಪಾರ, ಕಾರ್ಯದರ್ಶಿಗಳು ಹಲ್ಲಿನ ಡಾಕ್ಟರು. "ಮದ್ದು ಕಾಯಿಲೆಯೊಳಗೇ ಇದೆ ಅಂದ್ಮೇಲೆ, ಕಾಯಿಲೆ ಜಾಸ್ತಿ ಇರೋರ ಹತ್ರಾನೇ ಮದ್ದೂ ಜಾಸ್ತಿ ಇರ್ಬೇಕಲ್ವಾ?" ಎಂದು ಕಾರ್ಯದರ್ಶಿಗಳು ಅಧ್ಯಕ್ಷರ ಕಡೆ ನೋಡುತ್ತ ಕೇಳಿದರು. ಅಧ್ಯಕ್ಷರು ಇದನ್ನು ಹೊಗಳಿಕೆಯೆಂದು ತಿಳಿದು ತಲೆದೂಗಿದರು. ಬಳಿಕ, ಸದಸ್ಯರಲ್ಲಿ ಅತ್ಯಂತ ವಿನಯವಂತರು ಯಾರೋ ಅವರು ಕೈ ಎತ್ತಬೇಕೆಂದು ಸೂಚಿಸಲಾಗಿ, ಎಲ್ಲರೂ ಎತ್ತಿದರು. ಅಧ್ಯಕ್ಷರು ಎರಡೂ ಕೈ ಎತ್ತಿದರು.

ಅಲ್ಲಿಯವರೆಗೆ ಪಾದರಕ್ಷೆ ಕೋಣೆಯನ್ನು ಯಾರು ನೋಡಿಕೊಳ್ಳುತ್ತಿದ್ದರೆಂದು ವಿಚಾರಿಸಿದಾಗ ಯಾರಿಗೂ ಗೊತ್ತಿರಲಿಲ್ಲ. ಯಾರೋ ಬರುತ್ತಿದ್ದರು, ಚಪ್ಪಲಿ ಒರೆಸಿ ಜೋಡಿಸುತ್ತಿದ್ದರು, ಹೋಗುತ್ತಿದ್ದರು. ಹೆಸರು ಕೂಡ ಹೇಳುತ್ತಿರಲಿಲ್ಲ. ಇಂಥ ಅವ್ಯವಸ್ಥೆ ಇನ್ನು ಸಲ್ಲದೆಂದು ವಿನಯ ಉಪಸಮಿತಿಯನ್ನು ರಚಿಸಲಾಯಿತು. ಕೋಣೆಯ ಹೊಣೆ ತಮಗೇ ಬೇಕೆಂದು ಅಧ್ಯಕ್ಷರೂ ಕಾರ್ಯದರ್ಶಿಗಳೂ ಹಟ ಹಿಡಿದರು. ಮಾತು ಬೆಳೆಯಿತು, ಕುರ್ಚಿಗಳು ಅಲುಗಾಡಿದವು, ಕೊನೆಗೆ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ಒಪ್ಪಂದವಾಯಿತು. ಎಡಗಾಲಿನವು ಅಧ್ಯಕ್ಷರಿಗೆ, ಬಲಗಾಲಿನವು ಕಾರ್ಯದರ್ಶಿಗಳಿಗೆ. ಮರುದಿನವೇ ಬಾಗಿಲಲ್ಲಿ ಫಲಕ ಹಾಕಲಾಯಿತು:

"ಭಕ್ತಾದಿಗಳು ಎಡ ಪಾದರಕ್ಷೆಯನ್ನು ಎಡ ಕಿಟಕಿಯಲ್ಲಿಯೂ ಬಲ ಪಾದರಕ್ಷೆಯನ್ನು ಬಲ ಕಿಟಕಿಯಲ್ಲಿಯೂ ಒಪ್ಪಿಸತಕ್ಕದ್ದು. ವಿನಯ ನಡೆಯುತ್ತಿರುವಾಗ ಅವಸರಪಡಿಸಕೂಡದು. ಆವರಣದೊಳಗೆ ಯಾವುದನ್ನೂ 'ನನ್ನದು' ಎನ್ನಕೂಡದು. ವಿನಯದ ಫೋಟೋ ತೆಗೆಯುವವರು ಎಡಗಡೆ ಬೆಳಕು ಚೆನ್ನಾಗಿದೆ ಎಂಬುದನ್ನು ಗಮನಿಸುವುದು."

ಕೊನೆಯ ಸಾಲಿನ ಬಗ್ಗೆ ಕಾರ್ಯದರ್ಶಿಗಳು ಆಕ್ಷೇಪಿಸಿದ ಮೇಲೆ ಬಲ ಕಿಟಕಿಗೂ ಒಂದು ದೊಡ್ಡ ದೀಪ ಹಾಕಿಸಲಾಯಿತು. ಫಲಕ ಬರೆದವನು, ಈಗ ಇದನ್ನು ಬರೆಯುತ್ತಿರುವ ಈ ಗುಮಾಸ್ತನೇ. ನಿಯಮ ಬಂದ ಮೇಲೆ 'ನಾನು' ಎಂದು ಹೇಳಿಕೊಳ್ಳುವಂತಿಲ್ಲ. ಸಮಿತಿಯ ಹಿರಿಯರು ಮಾತ್ರ ತಮ್ಮನ್ನು 'ನಾವು' ಎಂದು ಕರೆದುಕೊಳ್ಳುತ್ತಾರೆ. ಹಿಂದೆ ರಾಜರೂ ಹಾಗೆಯೇ ಮಾಡುತ್ತಿದ್ದರಂತೆ.

ವ್ಯವಸ್ಥೆಯಲ್ಲಿ ಒಂದೇ ಒಂದು ತೊಡಕಿತ್ತು. ಎಲ್ಲರಿಗಿಂತ ಹಿಂದೆ ನಿಲ್ಲುವವನೇ ನಿಜವಾದ ವಿನಯವಂತನಾದ್ದರಿಂದ, ಒರೆಸಿದ ಪಾದರಕ್ಷೆಯನ್ನು ಮೊದಲು ವಾಪಸು ಕೊಡಲು ಇಬ್ಬರೂ ಒಪ್ಪುತ್ತಿರಲಿಲ್ಲ. ಎಡದವರು ಬಲದವರನ್ನು ಕಾಯುತ್ತಿದ್ದರು, ಬಲದವರು ಎಡದವರನ್ನು. ಜನ ಮೆಟ್ಟಿಲ ಮೇಲೆ ಕೂತು ಕಾಯುವುದನ್ನು ರೂಢಿಮಾಡಿಕೊಂಡರು. ಒಂದು ಮಗುವಿನ ಚಪ್ಪಲಿ ವಾಪಸು ಬರುವಷ್ಟರಲ್ಲಿ ಮಗುವಿನ ಕಾಲು ಬೆಳೆದಿತ್ತೆಂದು ತಾಯಿಯೊಬ್ಬರು ದೂರು ಕೊಟ್ಟರು. ಬೆಳೆಯುವುದು ಅಹಂಕಾರದ ಮೊದಲ ಲಕ್ಷಣವೆಂದು ಅವರಿಗೆ ಉತ್ತರ ಕಳಿಸಲಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಕೆಲಸವಿಲ್ಲದ ಬಸ್ ಡ್ರೈವರ್ ಒಬ್ಬ ಹೆಂಡತಿಯೊಂದಿಗೆ ಬಂದ. ಹಿಂದಿನ ಕಂಪನಿ ಮುಚ್ಚಿದ ಮೇಲೆ ಸಂಸಾರ ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ನಡೆಯುತ್ತಿತ್ತು. ಅಂದು ಹನ್ನೊಂದಕ್ಕೆ ಹೊಸ ಕಂಪನಿಯಲ್ಲಿ ಅವನ ಸಂದರ್ಶನ. ಕಪ್ಪು ಶೂ ಇಲ್ಲದವರನ್ನು ಗೇಟಿನೊಳಗೆ ಬಿಡುವುದಿಲ್ಲವೆಂದು ಮೊದಲೇ ಹೇಳಿದ್ದರು. ಒಂದು ನಿಮಿಷ ತಲೆಬಾಗಿ ಹೋಗೋಣವೆಂದು ಬಂದವನು ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಕೊಟ್ಟು ಒಳಗೆ ಹೋದ. ಕೈ ಮುಗಿದು ಹೊರಬಂದ.

"ಸಾರ್, ಶೂ ಕೊಡ್ತೀರಾ? ಸ್ವಲ್ಪ ಅರ್ಜೆಂಟಿದೆ."

"ಕೊಡೋಣ ತಮ್ಮ, ಕೊಡೋಣ. ಮೊದಲು ಆ ಕಡೆಯವರು ಕೊಡ್ಲಿ," ಎಂದರು ಅಧ್ಯಕ್ಷರು, ಎಡ ಶೂವಿನ ಅಡಿಯನ್ನು ತಿರುಗಿಸಿ ನೋಡುತ್ತ. ಸವೆದದ್ದೇನು ಕಂಡರೂ ಅವರು ತಿರುಗಿಸಿ ನೋಡದೆ ಬಿಡರು.

ಬಲ ಕಿಟಕಿಯಲ್ಲಿ ಕಾರ್ಯದರ್ಶಿಗಳು ಸಣ್ಣ ಬ್ರಷ್ಷಿನಿಂದ ಹೊಲಿಗೆಯ ಸಂದುಗಳನ್ನು ಉಜ್ಜುತ್ತಿದ್ದರು. "ಛೆ ಛೆ, ಅಧ್ಯಕ್ಷರಿಗಿಂತ ಮುಂಚೆ ನಾವು ಕೈ ಚಾಚೋದಾ? ಅವರು ದೊಡ್ಡವರು. ಅವರೇ ಕೊಡ್ಲಿ."

"ನಾವು ದೊಡ್ಡವರಾ? ಕೇಳಿಸ್ಕೊಂಡ್ರಾ ಗುಮಾಸ್ತರೇ, ಬೇಕಂತಲೇ ಬೈದ್ರು!"

ಹೆಂಡತಿ ಗೋಡೆ ಗಡಿಯಾರ ನೋಡಿದಳು. "ರೀ, ಗಟ್ಟಿಯಾಗಿ ಕೇಳ್ರೀ. ಬಸ್ಸು ಹಿಡಿದು ಹೋಗೋದಕ್ಕೇ ಅರ್ಧ ಗಂಟೆ ಬೇಕು." ಅಷ್ಟರಲ್ಲಿ ಗ್ರಂಥಿಗಳು ಹೊರಗೆ ಬಂದರು. ಅವರನ್ನು ನೋಡಿದ್ದೇ, "ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋ ಹಾಗಾಯ್ತು," ಎಂದವಳು ನಾಲಿಗೆ ಕಚ್ಚಿಕೊಂಡಳು. "ನಿಮಗಲ್ಲ ಅಂದಿದ್ದು, ಅಯ್ಯಾ."

"ಯಾರಿಗಾದ್ರೂ ಸರಿ, ನಿಜವೇ ತಾಯಿ," ಎಂದರು ಗ್ರಂಥಿಗಳು. ಕಿಟಕಿಗಳ ಕಡೆ ತಿರುಗಿದರು. "ಕೊಟ್ಬಿಡ್ರಪ್ಪ. ಆ ಹುಡುಗ ಕೆಲಸಕ್ಕೆ ಹೋಗ್ಬೇಕು."

"ನಾವು ಈಗಲೇ ಕೊಡೋಕೆ ತಯಾರು," ಎಂದರು ಅಧ್ಯಕ್ಷರು. "ಆದ್ರೆ ನಾವು ಕೊಟ್ರೆ ಕಾರ್ಯದರ್ಶಿಗಳು ಹಿಂದುಳಿದು ಗೆದ್ಬಿಡ್ತಾರೆ. ಗೆದ್ಮೇಲೆ ಜಂಬ ಬರ್ದೆ ಇರುತ್ತಾ? ಅವರ ಆತ್ಮದ ಗತಿ ಏನು?"

ಅಧ್ಯಕ್ಷರ ಆತ್ಮದ ಬಗ್ಗೆ ಕಾರ್ಯದರ್ಶಿಗಳಿಗೂ ಅದೇ ಕಳವಳವಿತ್ತು. ಒಬ್ಬರ ಆತ್ಮದ ಬಗ್ಗೆ ಇನ್ನೊಬ್ಬರಿಗೆ ಇಷ್ಟು ಕಾಳಜಿಯಿರುವ ಸಂಸ್ಥೆ ಬೇರೆಲ್ಲೂ ಇರಲಾರದು.

ಡ್ರೈವರನಿಗೆ ಸಹನೆ ಮೀರಿತು. ಎರಡು ಕಿಟಕಿಗಳ ನಡುವೆ ಬರಿಗಾಲಲ್ಲಿ ನಿಂತು, "ಸ್ವಾಮೀ, ಅದು ನನ್ನ ಶೂ! ನನಗೆ ಕೊಡಿ!" ಎಂದು ಕೂಗಿದ.

ಮೆಟ್ಟಿಲ ಮೇಲಿದ್ದವರೆಲ್ಲ ಫಲಕದ ಕಡೆ ತಿರುಗಿದರು. ಅಧ್ಯಕ್ಷರೂ ಕಾರ್ಯದರ್ಶಿಗಳೂ ಪರಸ್ಪರ ನೋಡಿಕೊಂಡರು. ಇಷ್ಟು ದಿನ ನಿರ್ಮೂಲನ ಮಾಡಲು ಹುಡುಕುತ್ತಿದ್ದ ಅಹಂಕಾರ ತಾನಾಗಿಯೇ ಬಾಗಿಲಿಗೆ ಬಂದು ನಿಂತಿತ್ತು. ನಿಂತ ನಿಲುವಿನಲ್ಲೇ ವಿಚಾರಣೆ ನಡೆಯಿತು.

"ನೋಡಿ, ಯಾವುದೋ ಎರಡು ಶೂಗೆ ಇಷ್ಟು ನನ್ನದು ನನ್ನದು ಅನ್ನೋರು," ಎಂದರು ಕಾರ್ಯದರ್ಶಿಗಳು. "ನಾಳೆ ಬಸ್ಸು ಕೊಟ್ರೆ ಬಸ್ಸೂ ನನ್ನದೇ ಅಂತಾರೆ. ಆ ಕಂಪನಿಯವರು ಬಚಾವಾದ್ರು."

ಹೌಮೈ ಇರುವುದು ಸಾಬೀತಾದ್ದರಿಂದ ಶೂಗಳನ್ನು ಸಾಕ್ಷ್ಯವಾಗಿ ತಡೆಹಿಡಿಯಲಾಯಿತು. ಒಪ್ಪಂದದ ಪ್ರಕಾರ ಎಡದ್ದಕ್ಕೊಂದು ಗಾಜಿನ ಪೆಟ್ಟಿಗೆ, ಬಲದ್ದಕ್ಕೊಂದು. ಗ್ರಂಥಿಗಳು ಏನೋ ಹೇಳಹೊರಟರು. ಗ್ರಂಥಿಗಳು ದಣಿದಿದ್ದಾರೆಂದು ಹೇಳಿ ಸಮಿತಿಯವರು ಅವರನ್ನು ಗೌರವದಿಂದ ಒಳಗೆ ಕರೆದುಕೊಂಡು ಹೋದರು.

ಡ್ರೈವರ್ ಬರಿಗಾಲಲ್ಲೇ ಓಡಿದ. ಕಂಪನಿಯ ಗೇಟಿನಲ್ಲಿ ಕಾವಲುಗಾರ ಅವನ ಕಾಲು ನೋಡಿದ, ಮುಖ ನೋಡಿದ, ಗೇಟು ಹಾಕಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮುಂದಿನ ಭಾನುವಾರ ಅವನ ಹೆಂಡತಿ ಕಚೇರಿಗೆ ಬಂದಳು. "ಅವತ್ತಿನಿಂದ ಇವರು ಸರಿಯಾಗಿ ಮಾತೇ ಆಡಿಲ್ಲ. ಗೋಡೆ ನೋಡ್ಕೊಂಡು ಕೂತಿರ್ತಾರೆ," ಎಂದಳು. "ನಿಮ್ಮ ವಿನಯ ನಮ್ಮ ಅನ್ನ ಕಿತ್ಕೊಂಡ್ತು, ಅಣ್ಣಾ." ಕಚೇರಿಯಲ್ಲಿದ್ದದ್ದು ಈ ಗುಮಾಸ್ತನೊಬ್ಬನೇ. ಅವನಿಗೆ ತುಂಬ ಸಂಕಟವಾಯಿತು, ನಾಚಿಕೆಯೂ ಆಯಿತು. ಫಲಕ ಬರೆದ ಕೈಯಿಂದಲೇ ಅವಳಿಗೆ ನೀರು ಕೊಟ್ಟ. ಬೇರೇನೂ ಮಾಡಲು ಅಧಿಕಾರವಿರಲಿಲ್ಲ.

ಸಮಿತಿಯೂ ಮರುಗಿತು. ಅದಕ್ಕೆ ತನ್ನದೇ ಆದ ಇನ್ನೊಂದು ಚಿಂತೆಯೂ ಇತ್ತು. ಎಲ್ಲರೂ ವಿನಯವಂತರಾಗಿಬಿಟ್ಟರೆ ಯಾರು ವಿನಯವಂತರೆಂದು ತಿಳಿಯುವುದು ಹೇಗೆ? ಹೋಲಿಸಿ ನೋಡಲು ಒಬ್ಬನಾದರೂ ಬೇಡವೇ? ಆದ್ದರಿಂದ 'ಅಧಿಕೃತ ಅಹಂಕಾರಿ' ಎಂಬ ಕಾಯಂ ಹುದ್ದೆಯನ್ನು ಸೃಷ್ಟಿಸಿ, ಬಸ್ ಡ್ರೈವರನ ಸಂಬಳಕ್ಕೆ ಸಮನಾದ ಸಂಬಳದಲ್ಲಿ ಅವನನ್ನೇ ನೇಮಿಸಲಾಯಿತು. ಕೆಲಸ ಸುಲಭ. ಬಾಗಿಲ ಬಳಿ ಸ್ಟೂಲಿನ ಮೇಲೆ ಬರಿಗಾಲಲ್ಲಿ ಕೂರಬೇಕು. ಜನ ಬಂದಾಗಲೆಲ್ಲ "ಅದು ನನ್ನ ಶೂ, ನನಗೆ ಕೊಡಿ" ಎಂದು ಕೂಗಬೇಕು.

ಅವನು ಮೊದಲು ಒಪ್ಪಲಿಲ್ಲ. "ಕೂಗೋದಕ್ಕೆ ಸಂಬಳ ಕೊಡ್ತಾರೆ ಅಂದ್ರೆ ಕೂಗಿ ರೀ," ಎಂದಳು ಹೆಂಡತಿ. "ಗೋಡೆ ನೋಡ್ಕೊಂಡು ಕೂರೋದಕ್ಕಿಂತ ವಾಸಿ. ನನ್ನ ಕಣ್ಣೂ ಸೋತಿದೆ." ಆ ಮಾತಿಗೆ ಅವನು ಒಪ್ಪಿದ.

ಮೊದಮೊದಲು ಕೂಗುವಾಗ ಅವನ ಗಂಟಲು ಕಟ್ಟುತ್ತಿತ್ತು. ಉಪಸಮಿತಿಗೆ ಅದು ಬಹಳ ಹಿಡಿಸಿತು. ಬರಬರುತ್ತ ದನಿ ಪಳಗಿತು. ಬಂದವರು ಅವನನ್ನು ನೋಡಿ 'ಪಾಪ, ಎಷ್ಟು ಮೋಹ' ಎಂದು ಲೊಚಗುಟ್ಟಿ, ತಾವು ಹಾಗಿಲ್ಲವಲ್ಲ ಎಂಬ ನೆಮ್ಮದಿಯಿಂದ ಒಳಗೆ ಹೋಗುತ್ತಿದ್ದರು. ತಂದೆ ತಾಯಂದಿರು ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ಉಳಿದಿದ್ದ ಅಹಂಕಾರವೆಲ್ಲ ಹೀಗೆ ಒಂದೇ ಸ್ಟೂಲಿನ ಮೇಲೆ ಶೇಖರವಾದ್ದರಿಂದ, ಆವರಣದ ಮಿಕ್ಕ ಭಾಗವನ್ನು ಅಹಂಕಾರಮುಕ್ತವೆಂದು ಘೋಷಿಸಲು ಅಡ್ಡಿಯೇನೂ ಉಳಿಯಲಿಲ್ಲ.

ಘೋಷಣೆಯ ದಿನ ಸಮಿತಿಯವರೆಲ್ಲ ದೀಪದ ಕೆಳಗೆ ಫೋಟೋಗೆ ನಿಂತಿದ್ದಾಗ ಗ್ರಂಥಿಗಳು ಎರಡು ಪೆಟ್ಟಿಗೆಗಳನ್ನೂ ತೆಗೆದರು. ಶೂಗಳನ್ನು ಹೆಗಲ ವಸ್ತ್ರದ ತುದಿಯಿಂದ ಒರೆಸಿ, ಬಾಗಿಲಿಗೆ ತಂದು, ಡ್ರೈವರನ ಮುಂದೆ ನೆಲದ ಮೇಲೆ ಕೂತು, ಜೋಡಿಯಾಗಿ ಅವನ ಕಾಲಬಳಿ ಇಟ್ಟರು. "ಅವತ್ತು ನಾನು ಸುಮ್ಮನೆ ಒಳಗೆ ಹೋಗ್ಬಾರದಿತ್ತು. ತಪ್ಪಾಯ್ತಪ್ಪ. ಹಾಕ್ಕೋ, ಹೊರಡು."

ಡ್ರೈವರ್ ಶೂಗಳನ್ನು ನೋಡಿದ. ಕಣ್ಣಲ್ಲಿ ನೀರು ಬಂತು. ಆಮೇಲೆ ಕಾಲುಗಳನ್ನು ಸ್ಟೂಲಿನ ಕೆಳಗೆ ಎಳೆದುಕೊಂಡ.

"ಬೇಡಿ ಅಯ್ಯಾ, ಎತ್ತಿಟ್ಬಿಡಿ. ಶೂ ಸಿಕ್ಬಿಟ್ರೆ ನಾನು ಏನಂತ ಕೂಗ್ಲಿ?"

ಅಷ್ಟರಲ್ಲಿ ಒಂದು ಕುಟುಂಬ ಮೆಟ್ಟಿಲು ಹತ್ತಿ ಬಂತು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂಗಿದ. ದನಿ ಚೆನ್ನಾಗಿತ್ತು. ಬಂದವರು ಲೊಚಗುಟ್ಟಿ ಒಳಗೆ ಹೋದರು. ಗ್ರಂಥಿಗಳು ಮೊಣಕಾಲು ಹಿಡಿದುಕೊಂಡು ಎದ್ದು, ಎಡದ್ದನ್ನು ಎಡ ಪೆಟ್ಟಿಗೆಯಲ್ಲಿಯೂ ಬಲದ್ದನ್ನು ಬಲ ಪೆಟ್ಟಿಗೆಯಲ್ಲಿಯೂ ನಿಯಮದ ಪ್ರಕಾರ ಇಟ್ಟು ಬಂದರು.